ಆಂತೋಣಿಗೆ ನಾನು ಕೊಟ್ಟ ಸೊನ್ನೆ

ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದ ನಾನು ಯಾವ ಮಗುವಿಗೂ ಸೊನ್ನೆ ಕೊಟ್ಟವಳಲ್ಲ. ಪ್ರಶ್ನೆಯನ್ನೇ ಉತ್ತರವೆಂದು ಬರೆದಿಟ್ಟು ಹೋದವರಿಗೂ ಅಕ್ಷರ ದುಂಡಗಿದೆ ಎಂದು ಒಂದು ಅಂಕ ಹಾಕಿದ್ದೇನೆ. ಜೀವಮಾನದಲ್ಲಿ ನಾನು ಸೊನ್ನೆ ಕೊಟ್ಟದ್ದು ಒಬ್ಬರಿಗೆ ಮಾತ್ರ. ಅವರ ಹೆಸರು ಆಂತೋಣಿ. ಕಾರು ಮೆಕ್ಯಾನಿಕ್, ವಯಸ್ಸು ಐವತ್ಮೂರು, ಮನೆ ನಜರ್‌ಬಾದ್. ಅವರ ವಿಷಯ ಬರೆಯೋಣವೆಂದು ಕೂತರೆ ಕೈ ಹಿಂದೆ ಸರಿಯುತ್ತದೆ. ಆದರೂ ಬರೆಯುತ್ತೇನೆ. ಬರೆದೇ ಅವರಿಗೆ ಕೇಡು ಮಾಡಿದವಳು ನಾನು.

ಮೊದಲು ಕಾರಿನ ವಿಷಯ. ನಿವೃತ್ತಿಯಾದ ಮರುವರ್ಷ, ಅರವತ್ತೊಂದನೆಯ ವಯಸ್ಸಿನಲ್ಲಿ, ನಾನು ಡ್ರೈವಿಂಗ್ ಕಲಿತು ಒಂದು ಪುಟ್ಟ ಕಾರು ಕೊಂಡೆ. ಕೃಷ್ಣಮೂರ್ತಿಪುರಂನ ನಮ್ಮ ಬೀದಿಯಲ್ಲಿ ಇದು ದೊಡ್ಡ ಸುದ್ದಿಯಾಯಿತು. ನಮ್ಮ ಯಜಮಾನರು ವಾಗೀಶ, ಸಂಸ್ಕೃತ ಪಾಠಶಾಲೆಯ ನಿವೃತ್ತ ಮೇಷ್ಟ್ರು, ಸೈಕಲ್ಲನ್ನೂ ತುಳಿದವರಲ್ಲ. ಅವರು ಪಕ್ಕದ ಸೀಟಿನಲ್ಲಿ ಕೂತು, ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ನಾನು ಗೇರ್ ಬದಲಿಸಿದಾಗಲೆಲ್ಲ ಬಾಯೊಳಗೆ ಏನೋ ಶ್ಲೋಕ ಹೇಳಿಕೊಳ್ಳುತ್ತಿದ್ದರು. ನನಗೆ ಹಟ ಜಾಸ್ತಿ. ಬೇಡ ಅಂದವರ ಮನೆ ಮುಂದೆಯೇ ದಿನಕ್ಕೆರಡು ಸಲ ಓಡಿಸಿದೆ.

ಕಾರನ್ನು ನನಗೆ ಒಪ್ಪಿಸಿದ್ದು ಹುಣಸೂರು ರಸ್ತೆಯ ಒಂದು ಸರ್ವಿಸ್ ಸೆಂಟರಿನಲ್ಲಿ. ಮಾರಾಟದವರು ರಿಬ್ಬನ್ ಕಟ್ಟಿ, ಫೋಟೋ ತೆಗೆದು, ಕೈ ತೊಳೆದುಕೊಂಡರು. ಆಮೇಲೆ ನೀಲಿ ಸಮವಸ್ತ್ರದ, ತೆಳ್ಳಗಿನ, ಕಿವಿಯ ಸುತ್ತ ನರೆತ ಒಬ್ಬರು ಬಂದು, ಒಂದು ಗಂಟೆ ಟೈಮ್ ಇದೆಯೇ ಎಂದು ಕೇಳಿದರು. ಅವರೇ ಆಂತೋಣಿ. ಆ ಒಂದು ಗಂಟೆಯಲ್ಲಿ ಅವರು ಕಲಿಸಿದ್ದನ್ನು ಕಾರಿನ ಜೊತೆ ಬಂದ ದಪ್ಪ ಪುಸ್ತಕ ಇವತ್ತಿಗೂ ಕಲಿಸಿಲ್ಲ. ಕ್ಲಚ್ ಮೇಲೆ ಸುಮ್ಮನೆ ಕಾಲಿಡಬೇಡಿ, ಅದು ಕಾಲುಮಣೆಯಲ್ಲ. ಗಾಳಿ ನೋಡಿಸುವುದಾದರೆ ಬೆಳಿಗ್ಗೆ, ಟೈರು ಬಿಸಿಯಾಗುವ ಮುಂಚೆ. ಒಣ ಗಾಜಿನ ಮೇಲೆ ವೈಪರ್ ಆಡಿಸಬೇಡಿ. ಎಲ್ಲೂ ಹೋಗುವುದಿಲ್ಲವೆಂದರೂ ವಾರಕ್ಕೆರಡು ಸಲ ಬೀದಿ ಸುತ್ತಿ ಬನ್ನಿ, ಇಲ್ಲದಿದ್ದರೆ ಬ್ಯಾಟರಿ ಮುನಿಸಿಕೊಳ್ಳುತ್ತದೆ. ಮುಂದಿನ ಗಾಜಿನ ಕೆಳಗೆ ವೈಪರ್ ಹತ್ತಿರ ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳವಿದೆಯಲ್ಲ, ಅದರಡಿ ಮರದ ಎಲೆ ಸೇರಿದರೆ ಮಳೆ ನೀರು ಒಳಗೆ ಬರುತ್ತದೆ, ಆಗಾಗ ಬಿಚ್ಚಿ ತೆಗೆಯಿರಿ. ಕೊನೆಗೆ ದೀಪಗಳ ಪಾಠ.

"ಹಳದಿ ಲೈಟ್ ಬಂದ್ರೆ ಗಾಬರಿ ಬೇಡಿ ಮೇಡಂ, ನಿಧಾನಕ್ಕೆ ಇಲ್ಲಿಗೆ ಬಂದ್ಬುಡಿ. ಕೆಂಪು ಬಂದ್ರೆ ಅಲ್ಲೇ ನಿಲ್ಸಿ ನಂಗೆ ಫೋನ್ ಮಾಡಿ."

ನಾನು ಮೇಷ್ಟರ ಮನೆಯವಳು, ನಾನೂ ಮೇಷ್ಟರೇ. ಒಳ್ಳೆಯ ಪಾಠ ಯಾವುದೆಂದು ನನಗೆ ಗೊತ್ತಾಗುತ್ತದೆ. ಮನೆಗೆ ಬಂದು ಅವರು ಹೇಳಿದ್ದೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ.

ಮೊದಲ ಸರ್ವಿಸ್‌ಗೆ ಹೋದಾಗ ಅವರ ಕಥೆ ಅಷ್ಟಿಷ್ಟು ತಿಳಿಯಿತು. ತಂದೆ ಚರ್ಚಿನ ಶಾಲೆಯೊಂದರಲ್ಲಿ ಜವಾನರಾಗಿದ್ದವರು. ಮಗ ಓದಿನಲ್ಲಿ ಹಿಂದೆ, ಕೈಕೆಲಸದಲ್ಲಿ ಮುಂದೆ. ಹದಿನಾಲ್ಕನೆಯ ವಯಸ್ಸಿಗೇ ಮಂಡಿಮೊಹಲ್ಲಾದ ಗ್ಯಾರೇಜು ಸೇರಿ, ಅಂಬಾಸಿಡರ್ ಕಾರುಗಳ ಕೆಳಗೆ ಬೆಳೆದರು. ಕಾರುಗಳೆಲ್ಲ ಕಂಪ್ಯೂಟರ್ ಆದಾಗ ಜೊತೆಯವರು ಕೆಲಸ ಬಿಟ್ಟರು, ಇವರು ನಲವತ್ತು ದಾಟಿದ ಮೇಲೆ ಕೂತು ಅದನ್ನೂ ಕಲಿತರು. ಅವರದೊಂದು ಪದ್ಧತಿಯಿತ್ತು. ಕಂಪ್ಯೂಟರ್ ಹಚ್ಚುವ ಮುಂಚೆ ಹಿಂದಿನ ಸೀಟಿನಲ್ಲಿ ಕೂತು, ಕಾರಿನ ಒಡೆಯರ ಕೈಯಲ್ಲಿ ಒಂದು ಸುತ್ತು ಓಡಿಸುತ್ತಿದ್ದರು. ಅರ್ಧ ಕಾಯಿಲೆ ಗಾಡಿಯದು, ಅರ್ಧ ಓಡಿಸುವವರದು ಎನ್ನುತ್ತಿದ್ದರು. ನನ್ನ ಎಡಗಾಲು ಇನ್ನೂ ಕ್ಲಚ್ ಮೇಲೇ ಇದೆ ಎಂದು ಹಿಂದೆ ಕೂತೇ ಹೇಳಿದರು. ನನಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಎರಡನೆಯ ಸರ್ವಿಸ್ ಸರಿಯಾಗಿ ದಸರಾ ಹೊತ್ತಿಗೆ ಬಂತು. ಅದನ್ನೂ ಆಂತೋಣಿಯೇ ಮಾಡಿದರು. ಅದಾದ ವಾರಕ್ಕೆ ಆಯುಧಪೂಜೆ.

ನಮ್ಮ ಮನೆಯಲ್ಲಿ ಆಯುಧಪೂಜೆಗೆ ಬೇರೆಲ್ಲೂ ಇಲ್ಲದ ಒಂದು ಪದ್ಧತಿ ಇದೆ. ನಮ್ಮ ತಾತ ಅರಮನೆಯ ಕುದುರೆ ಲಾಯದಲ್ಲಿ ಗುಮಾಸ್ತರು. ಆ ದಿನ ಕುದುರೆಗಳಿಗೆ ಹುರುಳಿ ಬೆಲ್ಲ ತಿನ್ನಿಸುತ್ತಿದ್ದರಂತೆ. ತಾತನಿಗೆ ಸ್ವಂತ ಕುದುರೆ ಎಲ್ಲಿಂದ ಬರಬೇಕು, ಇದ್ದದ್ದು ಸೈಕಲ್. ಅದರ ಹ್ಯಾಂಡಲ್ಲಿಗೇ ಅರಿಶಿನದ ಬಟ್ಟೆಯಲ್ಲಿ ಹುರುಳಿ ಬೆಲ್ಲ ಗಂಟು ಕಟ್ಟಿದರು. ಅಪ್ಪನ ಸ್ಕೂಟರಿಗೂ ಅದೇ ಗಂಟು ಬಂತು. ಮಾರನೆಯ ದಿನ ಬಿಚ್ಚಿ ಹಸುವಿಗೆ ಕೊಟ್ಟುಬಿಡುವುದು. ವಾಹನ ಎಂದಮೇಲೆ ಅದಕ್ಕೂ ಹೊಟ್ಟೆ ಇರುತ್ತದೆ ಎನ್ನುತ್ತಿದ್ದರು ಅಮ್ಮ. ಕಾರಿನ ಹೊಟ್ಟೆ ಎಲ್ಲಿ ಎಂದು ನಾನು ಯೋಚಿಸಿ, ಬಾನೆಟ್ ಎತ್ತಿ, ಬ್ಯಾಟರಿಯ ಪಕ್ಕ ಗಂಟನ್ನಿಟ್ಟು ಕರ್ಪೂರ ಬೆಳಗಿದೆ. ಕುಂಬಳಕಾಯಿ ಒಡೆದಾಯಿತು, ಚಕ್ರದಡಿ ನಿಂಬೆಹಣ್ಣು ಸಿಡಿಯಿತು. ಮಾರನೆಯ ದಿನ ವಿಜಯದಶಮಿ, ಮನೆ ತುಂಬ ನೆಂಟರು. ಮೂರನೆಯ ದಿನ ಬಾನೆಟ್ ಎತ್ತಿದರೆ ಗಂಟು ಇರಲಿಲ್ಲ. ನಮ್ಮ ಯಜಮಾನರು ತೆಗೆದು ಹಸುವಿಗೆ ಕೊಟ್ಟಿರಬೇಕೆಂದು ನಾನಂದುಕೊಂಡೆ. ಅವರು ಅದರ ಗೋಜಿಗೇ ಹೋಗಿರಲಿಲ್ಲ. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು, ನಾನು ಕೇಳಲಿಲ್ಲ.

ಹನ್ನೆರಡು ದಿನ ಕಳೆದು ಇಲವಾಲದಲ್ಲಿ ಇವರ ಅಕ್ಕನ ಮಗಳ ಗೃಹಪ್ರವೇಶ. ಊಟ ಮುಗಿಸಿ ವಾಪಸು ಬರುತ್ತಿದ್ದಾಗ ಹಳದಿ ದೀಪ ಬಂತು. ಪಾಠದಂತೆ ನಿಧಾನಕ್ಕೆ ಬಂದೆ. ಕಾರು ಎರಡು ಸಲ ಬಿಕ್ಕಳಿಸಿ, ನಡುರಸ್ತೆಯಲ್ಲೇ ನಿಂತುಬಿಟ್ಟಿತು. ಹಿಂದೆ ಒಂದು ಲಾರಿ ಮೈಮೇಲೆ ಬಂದು ಕಿರುಚಿಕೊಂಡು ಬ್ರೇಕ್ ಹಾಕಿತು. ಇವರ ಮುಖ ಸುಣ್ಣವಾಯಿತು, ಹಿಡಿ ಬಿಡಿಸಲು ನಾನು ಬೆರಳುಗಳನ್ನು ಒಂದೊಂದಾಗಿ ಎತ್ತಬೇಕಾಯಿತು. ನನಗೂ ಜೀವ ಬಾಯಿಗೆ ಬಂದಿತ್ತು. ಆ ಹೆದರಿಕೆ ಸರ್ವಿಸ್ ಸೆಂಟರ್ ಮುಟ್ಟುವಷ್ಟರಲ್ಲಿ ಕೋಪವಾಗಿತ್ತು.

ಕಾರನ್ನು ಎಳೆದು ತಂದು ಬಾನೆಟ್ ಎತ್ತಿದರು. ಇಂಜಿನ್ ಪಕ್ಕದ ಒಂದು ವೈರು ತುಂಡಾಗಿತ್ತು. ಅದನ್ನು ಹಿಡಿದಿಡಬೇಕಾದ ಕಪ್ಪು ಕ್ಲಿಪ್ ಜಾಗದಲ್ಲಿರಲಿಲ್ಲ. ಮ್ಯಾನೇಜರ್ ಸುಂದರೇಶ, ಸರ್ವಿಸ್‌ನಲ್ಲಿ ಕ್ಲಿಪ್ ಬಿಚ್ಚಿ ಹಾಕಲು ಮರೆತಿರಬೇಕು, ವೈರು ಜೋತುಬಿದ್ದು ಉಜ್ಜಿ ಕಿತ್ತಿದೆ ಎಂದರು. ಆಂತೋಣಿ ಟಾರ್ಚ್ ಹಾಕಿ ತುಂಬ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಇದು ಇಲಿ ಕಡಿದ ಹಾಗಿದೆ ಎಂದರು. ನಮ್ಮ ಮನೆಯಲ್ಲಿ ಇಲಿಯಿಲ್ಲ ಎಂದೆ.

"ಆಯುಧಪೂಜೆಗೆ ಬಾನೆಟ್ ಒಳಗೆ ತಿನ್ನೋದೇನಾದ್ರೂ ಇಟ್ಟಿದ್ರಾ ಮೇಡಂ?"

ಇದು ಎಷ್ಟು ಸರಳವಾದ ಪ್ರಶ್ನೆ! ಮೂವತ್ತನಾಲ್ಕು ವರ್ಷ ಮಕ್ಕಳಿಗೆ ನಾನೇ ಹೇಳಿಕೊಟ್ಟದ್ದು, ಕಾರಣ ಹುಡುಕುವಾಗ ಯಾವ ಪ್ರಶ್ನೆಯನ್ನೂ ಬಿಡಬೇಡಿ ಎಂದು. ಆದರೆ ನನ್ನ ಕಿವಿಗೆ ಅದು ಪ್ರಶ್ನೆಯಾಗಿ ಬೀಳಲಿಲ್ಲ. ತಾತನ ಕಾಲದ ಪೂಜೆಯನ್ನು ಈತ ತಪ್ಪು ಎನ್ನುತ್ತಿದ್ದಾನೆ ಎಂದು ಬಿತ್ತು. ಸುತ್ತ ಹತ್ತು ಜನ ಕೆಲಸದವರು ನಿಂತಿದ್ದರು.

"ನಮ್ಮ ಪೂಜೆ ವಿಷಯ ನಿಮಗೆ ಬೇಡ. ನಿಮಗೆ ಅದೆಲ್ಲ ಗೊತ್ತಾಗಲ್ಲ" ಎಂದೆ.

ಆಂತೋಣಿ ಟಾರ್ಚ್ ಆರಿಸಿ ಜೇಬಿಗೆ ಹಾಕಿಕೊಂಡರು.

ಮನೆಗೆ ಬಂದವಳೇ ಕಂಪನಿಗೆ ಕಾಗದ ಬರೆದೆ. ನನ್ನ ಕಾಗದ ಗೊತ್ತಲ್ಲ, ಒಂದು ಒತ್ತಕ್ಷರ ತಪ್ಪಿರುವುದಿಲ್ಲ. ಹಿರಿಯ ನಾಗರಿಕರ ಪ್ರಾಣದ ಜೊತೆ ಚೆಲ್ಲಾಟ, ಹೊಣೆಗೇಡಿ ಕೆಲಸಗಾರ, ತನ್ನ ತಪ್ಪನ್ನು ಇಲಿಯ ಮೇಲೆ ಹೊರಿಸುವ ಜಾಣತನ, ಎಲ್ಲ ಹಾಕಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನೂ ಸೇರಿಸಿದೆ, ಅದು ಯಾರಿಗೆ ಒಪ್ಪುತ್ತದೆಂದು ಆಗ ಗೊತ್ತಿರಲಿಲ್ಲ. ಮೂರನೆಯ ದಿನ ಕಂಪನಿಯಿಂದ ಒಬ್ಬ ಹುಡುಗಿ ಫೋನ್ ಮಾಡಿ, ಕೆಲಸ ಮಾಡಿದವರಿಗೆ ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದಳು. ಸೊನ್ನೆ ಎಂದೆ. ಖಂಡಿತವಾಗಿಯೂ ಸೊನ್ನೆಯೇ ಎಂದು ಅವಳು ಎರಡನೆಯ ಸಲ ಕೇಳಿದಳು. ಎರಡನೆಯ ಸಲವೂ ಸೊನ್ನೆ ಎಂದೆ.

ವೈರನ್ನು ವಾರಂಟಿಯಲ್ಲೇ ಹಾಕಿಕೊಟ್ಟರು. ಕಾರು ತರಲು ಹೋದಾಗ ಆಂತೋಣಿ ತಮ್ಮ ಜಾಗದಲ್ಲಿರಲಿಲ್ಲ. ಹಿಂದಿನ ತೊಳೆಯುವ ವಿಭಾಗದಲ್ಲಿ ಗಮ್‌ಬೂಟು ಹಾಕಿಕೊಂಡು ಯಾರದೋ ಕಾರಿಗೆ ಪೈಪು ಹಿಡಿದಿದ್ದರು. ನನ್ನನ್ನು ನೋಡಿ ನಮಸ್ಕಾರ ಮಾಡಿದರು. ನಾನು ತಲೆಯಾಡಿಸಿ ಬಂದೆ. ಮಾಡಿದ್ದುಣ್ಣೋ ಮಾರಾಯ ಎಂದುಕೊಂಡೆನೇ ಹೊರತು ಬೇರೇನೂ ಅನ್ನಿಸಲಿಲ್ಲ, ಸುಳ್ಳೇಕೆ ಹೇಳಲಿ.

ಸಂಕ್ರಾಂತಿಯ ಹಿಂದಿನ ದಿನ, ಅಂಗಳ ತೊಳೆಯುವಾಗ, ಕ್ಯಾಲೆಂಡರಿನ ಹಿಂದಿನ ಹಾಳೆ ನೆನಪಾಯಿತು. ಗಾಜಿನ ಕೆಳಗಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು ಎಲೆ ಗುಡಿಸಲು ಕೈ ಹಾಕಿದೆ. ಮೊದಲು ಬಂದದ್ದು ಹೊಂಗೆ ಎಲೆ. ಅದರ ಜೊತೆ ಹತ್ತಿ, ಹುರುಳಿಯ ಸಿಪ್ಪೆ, ಇಲಿಯ ಹಿಕ್ಕೆ. ಅದರಡಿಯಲ್ಲಿ ನನ್ನ ಅರಿಶಿನದ ಬಟ್ಟೆ, ಚಿಂದಿ ಚಿಂದಿ. ಬಟ್ಟೆಯ ಮಡಿಕೆಯಲ್ಲಿ ಒಂದು ಕಪ್ಪು ಕ್ಲಿಪ್ಪಿನ ಅರ್ಧ ತುಂಡು. ಅದರ ಅಂಚಿನ ತುಂಬ ಸಣ್ಣ ಸಣ್ಣ ಹಲ್ಲಿನ ಗುರುತು.

ನಾನು ಅಂಗಳದಲ್ಲಿ ಕಾರಿನ ಪಕ್ಕ ಕೂತುಬಿಟ್ಟೆ. ಆಂತೋಣಿ ಕ್ಲಿಪ್ ಹಾಕಿದ್ದರು. ಇಲಿ ಎಂದದ್ದು ನಿಜ. ಕೇಳಿದ ಪ್ರಶ್ನೆಯೂ ಸರಿ. ಇವರು ಒಳಗಿಂದ ಬಂದು, ಏನಾಯ್ತು ಚೂಡಾಮಣಿ, ತಲೆ ಸುತ್ತಿತೇ ಎಂದು ಕೇಳಿದರು. ಏನೂ ಇಲ್ಲ, ಎಲೆ ತೆಗೆಯುತ್ತಿದ್ದೇನೆ ಎಂದೆ. ಬಟ್ಟೆ, ಸಿಪ್ಪೆಗಳನ್ನು ಕಸಕ್ಕೆ ಹಾಕಿದೆ. ಕ್ಲಿಪ್ಪಿನ ತುಂಡನ್ನು ಮಾತ್ರ ಹಾಕಲಾಗದೆ ಹೊಲಿಗೆ ಡಬ್ಬಿಯಲ್ಲಿ ಬಚ್ಚಿಟ್ಟೆ.

ಆಮೇಲೆ ನಾನು ಇಪ್ಪತ್ತೆರಡು ದಿನ ಸುಮ್ಮನಿದ್ದೆ. ಇದನ್ನು ಹೇಗೆ ಬರೆಯಲಿ? ಕದ್ದವನು ಕೂಡ ಎರಡು ದಿನಕ್ಕೆ ಒಪ್ಪಿಕೊಳ್ಳುತ್ತಾನೆ. ನಾನು ಪ್ರತಿದಿನ ಒಂದು ನೆಪ ಹುಡುಕಿದೆ. ಈಗ ಹೇಳಿದರೆ ಏನು ಪ್ರಯೋಜನ, ತೊಳೆಯುವುದೂ ಕೆಲಸವೇ ಅಲ್ಲವೇ, ವಾರಂಟಿಯವರು ನನ್ನನ್ನು ಸುಳ್ಳಿ ಎನ್ನುತ್ತಾರೆ, ಹಳೆಯ ವಿದ್ಯಾರ್ಥಿಗಳು ಏನಂದುಕೊಂಡಾರು. ಕ್ಲಚ್ ಒತ್ತಿದಾಗಲೆಲ್ಲ ಹಿಂದಿನ ಸೀಟಿನಲ್ಲಿ ಅವರು ಕೂತಿದ್ದಾರೆ ಅನ್ನಿಸುತ್ತಿತ್ತು. ಕೊನೆಗೆ ಇವರೊಡನೆ ಎಲ್ಲ ಹೇಳಿದೆ. ಇವರು ಬಯ್ಯಲಿಲ್ಲ. ಹೋಗಿ ಬಾ ಎಂದು ಕಾರಿನ ಬೀಗದಕೈ ತಂದುಕೊಟ್ಟರು.

ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿದರೆ ಆಂತೋಣಿ ಕ್ರಿಸ್‌ಮಸ್‌ಗೆ ಮುಂಚೆಯೇ ಕೆಲಸ ಬಿಟ್ಟಿದ್ದರು. ವಿಳಾಸ ತೆಗೆದುಕೊಂಡು ನಜರ್‌ಬಾದಿಗೆ ಹೋದೆ. ಗಲ್ಲಿಯ ಕೊನೆಯಲ್ಲಿ ಹಸಿರು ಬಾಗಿಲಿನ ಸಣ್ಣ ಮನೆ. ಅವರ ಹೆಂಡತಿ ಕ್ರಿಸ್ತಿನಾ ಬಾಗಿಲು ತೆರೆದರು. ಅವರು ಇಲ್ಲ, ಔಷಧಿ ತರಲು ಹೋಗಿದ್ದಾರೆ, ಬನ್ನಿ ಕೂತ್ಕೊಳ್ಳಿ ಎಂದರು. ನಾನು ಯಾರೆಂದು ಕೇಳದೆಯೇ ಕಾಫಿಗೆ ಇಟ್ಟರು. ಗಾಡಿ ರಿಪೇರಿಗೆ ಬಂದವಳೆಂದು ತಿಳಿದು, ಲೋಟ ಕೊಡುತ್ತಲೇ ಹೇಳಿದರು:

"ಅವ್ರು ಈಗ ಗಾಡಿ ಮುಟ್ಟಲ್ಲ ಮೇಡಂ. ಯಾರೋ ಟೀಚರ್ ಇವ್ರ ಮೇಲೆ ಬರೆದ್ರಂತೆ. ದೊಡ್ಡೋರು, ಓದಿದೋರು, ಸುಮ್ನೆ ಬರೀತಾರಾ, ನಾನೇ ಕ್ಲಿಪ್ ಹಾಕ್ದೆ ಬಿಟ್ಟಿರ್ತೀನಿ ಅಂತಾರೆ. ಊಟಕ್ ಕೂತ್ರೂ ಅದೇ, ಹಾಕಿದ್ನೋ ಇಲ್ವೋ ಅಂತ. ನನ್ ಕೈ ಮೇಲೆ ನಂಗೇ ನಂಬ್ಕೆ ಹೋಯ್ತು ಕಣೇ ಅಂತಾರೆ."

ಕೆಲಸ ಹೋಗಿರುತ್ತದೆ, ಸಂಬಳ ಹೋಗಿರುತ್ತದೆ ಎಂದು ಲೆಕ್ಕ ಹಾಕಿಕೊಂಡು ಹೋಗಿದ್ದೆ. ಇದನ್ನು ನಾನು ಯೋಚಿಸಿರಲಿಲ್ಲ. ಅವರು ನನ್ನ ಮೇಲೆ ಸಿಟ್ಟಾಗಿರಬಹುದು ಎಂದು ಹೆದರಿದ್ದೆ. ಅವರು ನನ್ನನ್ನು ನಂಬಿದ್ದರು, ತಮ್ಮನ್ನೇ ನಂಬಿರಲಿಲ್ಲ. ಲೋಟ ಕೆಳಗಿಟ್ಟೆ. ಆ ಟೀಚರ್ ನಾನೇ ಎಂದೆ. ಕ್ರಿಸ್ತಿನಾ ಕೂತಿದ್ದವರು ಎದ್ದು ನಿಂತರು. ಹೊರಗೆ ಹೋಗಿ ಎಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಅಷ್ಟರಲ್ಲಿ ಆಂತೋಣಿ ಬಂದರು. ನಮಸ್ಕಾರ ಮಾಡಿ, ಗಾಡಿ ಹೇಗಿದೆ ಎಂದು ಕೇಳಿದರು. ನಾನು ಪರ್ಸಿನಿಂದ ಕ್ಲಿಪ್ಪಿನ ತುಂಡನ್ನು ತೆಗೆದು ಅವರ ಅಂಗೈಯಲ್ಲಿಟ್ಟೆ. ಹುರುಳಿ ಬೆಲ್ಲದ ಗಂಟು, ಅದು ಹಸುವಿಗೆ ಹೋಯಿತೆಂದು ನಾನಂದುಕೊಂಡದ್ದು, ಮುಚ್ಚಳದ ಕೆಳಗಿನ ಇಲಿಗೂಡು, ಎಲ್ಲ ಹೇಳಿದೆ. ಅವರು ಬಾಗಿಲ ಬೆಳಕಿಗೆ ಹೋಗಿ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಉಗುರಿನಿಂದ ಹಲ್ಲಿನ ಗುರುತು ಸವರಿದರು.

"ಹಾಗಾದ್ರೆ ನಾನು ಹಾಕಿದ್ದೆ" ಎಂದರು.

"ಹಾಕಿದ್ರಿ."

ಅವರ ಕಣ್ಣಲ್ಲಿ ನೀರು ಬಂತು. ಹೆಂಡತಿಯ ಕಡೆ ತಿರುಗಿ, ನೋಡಿದೆಯಾ ಎಂಬಂತೆ ಕೈ ಚಾಚಿ ತೋರಿಸಿದರು. ಆಮೇಲೆ ನನ್ನನ್ನು, ಇದು ಯಾವಾಗ ಸಿಕ್ಕಿತು ಎಂದು ಕೇಳಿದರು. ಇಪ್ಪತ್ತೆರಡು ದಿನವಾಯಿತು ಎಂದೆ. ಅವರು ಮನಸ್ಸಿನಲ್ಲೇ ಏನೋ ಎಣಿಸಿದರು. ಆ ದಿನಗಳಲ್ಲಿ ಹಳೆಯ ಪರಿಚಯದವರ ಮೂರು ಗಾಡಿ ಬಾಗಿಲಿಗೆ ಬಂದಿದ್ದವಂತೆ, ಮೂರನ್ನೂ ವಾಪಸು ಕಳಿಸಿದರಂತೆ. ಇದನ್ನು ಅವರು ದೂರುವ ಹಾಗೆ ಹೇಳಲಿಲ್ಲ, ನನಗೆ ಮಾತ್ರ ಕಪಾಳಕ್ಕೆ ಹೊಡೆದಂತಾಯಿತು.

ಮಾರನೆಯ ದಿನವೇ ಇನ್ನೊಂದು ಕಾಗದ ಬರೆದೆ. ಕಳಿಸಿ ಸುಮ್ಮನಾಗಲಿಲ್ಲ. ಸೋಮವಾರ ಬೆಳಿಗ್ಗೆ ಸರ್ವಿಸ್ ಸೆಂಟರಿನ ಕೆಲಸದವರೆಲ್ಲ ಸಾಲಾಗಿ ನಿಲ್ಲುವ ಹೊತ್ತಿಗೆ ಹೋಗಿ, ಸುಂದರೇಶರನ್ನು ಕೇಳಿಕೊಂಡು, ಎಲ್ಲರ ಮುಂದೆ ನಾನೇ ಓದಿದೆ. ಗಂಟು ಇಟ್ಟವಳು ನಾನು, ತೆಗೆಯದೆ ಬಿಟ್ಟವಳು ನಾನು, ಇಲಿ ನಿಜ, ಕ್ಲಿಪ್ ಹಾಕಿತ್ತು, ಸೊನ್ನೆ ನನಗೆ ಸಲ್ಲಬೇಕು ಎಂದೆ. ವೈರಿನ ಖರ್ಚನ್ನೂ ಕಟ್ಟಿದೆ. ಸುಂದರೇಶ ನೆಲ ನೋಡುತ್ತಿದ್ದರು. ಫೆಬ್ರವರಿ ಮುಗಿಯುವುದರೊಳಗೆ ಆಂತೋಣಿಯನ್ನು ಹಳೆಯ ಜಾಗಕ್ಕೇ ಕರೆಸಿಕೊಂಡರು. ಆ ಸುದ್ದಿ ಕೇಳಿದ ರಾತ್ರಿ ನನಗೆ ನೆಮ್ಮದಿಯ ನಿದ್ದೆ ಬಂತು.

ಏಪ್ರಿಲ್ ಸರ್ವಿಸ್‌ನಲ್ಲಿ ನನ್ನ ಕಾರನ್ನು ಚೈತನ್ಯ ಎಂಬ ಬೇರೊಬ್ಬರು ನೋಡಿದರು. ಕೆಲಸ ಹಂಚುವ ಕ್ರಮ ಇರಬೇಕೆಂದುಕೊಂಡೆ. ಮೊನ್ನೆ ಆಯುಧಪೂಜೆಯಾದ ನಾಲ್ಕನೆಯ ದಿನ ಮತ್ತೆ ಹೋದೆ. ಈ ಸಲ ಹುರುಳಿ ಬೆಲ್ಲವನ್ನು ನೇರ ಹಸುವಿಗೇ ಕೊಟ್ಟಿದ್ದೆ. ನನ್ನ ಗಾಡಿ ಆಂತೋಣಿಯವರೇ ನೋಡಲಿ ಎಂದು ಸುಂದರೇಶರಿಗೆ ಹೇಳಿದೆ. ಅವರು ತಡವರಿಸಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಆಂತೋಣಿಯೇ ಕೈ ಒರೆಸಿಕೊಳ್ಳುತ್ತ ಬಂದರು.

"ಬೇರೆ ಯಾರ ಗಾಡಿ ಕೊಟ್ರೂ ಮಾಡ್ತೀನಿ ಮೇಡಂ. ನಿಮ್ದೊಂದು ಬೇಡ."

ಸೊನ್ನೆಯನ್ನು ಮರೆಯಲಾಗುತ್ತಿಲ್ಲವೇ ಎಂದು ಕೇಳಿದೆ.

"ಸೊನ್ನೆ ಅಲ್ಲ ಮೇಡಂ, ಅದು ಅವತ್ತೇ ಹೋಯ್ತು. ಹದಿನಾಲ್ಕನೇ ವಯಸ್ಸಿಂದ ಪ್ರತಿ ಆಯುಧಪೂಜೆಗೂ ನನ್ ಸ್ಪ್ಯಾನರ್‌ಗಳಿಗೆಲ್ಲ ನಾನೇ ಕುಂಕುಮ ಇಟ್ಟು ಪೂಜೆ ಮಾಡ್ತಿದ್ದೆ. ಮನೇಲೂ ಗೊತ್ತು, ಚರ್ಚ್ ಫಾದರ್‌ಗೂ ಗೊತ್ತು. ಈ ವರ್ಷ ಎಲ್ರೂ ಮಾಡಿದ್ರು. ನಂಗೆ ಕೈ ಏಳ್ಲಿಲ್ಲ, ದೂರ ನಿಂತ್ಬುಟ್ಟೆ." ಕೈ ಒರೆಸಿದ ಬಟ್ಟೆಯನ್ನು ಜೇಬಿಗೆ ತುರುಕಿ ಹೇಳಿದರು: "ಎಲ್ಲಾ ಬರೆದ್ರಿ ನೀವು. ಅವತ್ತು ನಂಗೆ ಹೇಳಿದ್ರಲ್ಲ, ಆ ಮಾತೊಂದು ಬರೀಲಿಲ್ಲ."

ನಿಜ. ಗಂಟು ಬರೆದೆ, ಇಲಿ ಬರೆದೆ, ಕ್ಲಿಪ್ ಬರೆದೆ, ನಮ್ಮ ಪೂಜೆ ನಿಮಗೆ ಗೊತ್ತಾಗಲ್ಲ ಎಂದ ಆ ಮಾತನ್ನು ಬಿಟ್ಟಿದ್ದೆ. ಮರೆತು ಬಿಟ್ಟದ್ದಲ್ಲ. ಮೊದಲ ಕರಡಿನಲ್ಲಿ ಬರೆದು, ಹತ್ತು ಜನರ ಮುಂದೆ ಓದಲು ನಾಚಿಕೆಯಾಗಿ, ಹೊಡೆದುಹಾಕಿದ್ದೆ. ತಪ್ಪಾಯ್ತು ಆಂತೋಣಿಯವರೇ ಎಂದೆ. ಆಯ್ತು ಮೇಡಂ ಎಂದು ಅವರು ನಮಸ್ಕಾರ ಮಾಡಿ, ಕಾಯುತ್ತಿದ್ದ ಇನ್ನೊಬ್ಬರ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು.